ಬಾವಿಯಿಂದ ಐವತ್ತು ಹೆಜ್ಜೆ

ಅಪ್ಪಾ,

ನೀವು ಮಣ್ಣಾಗಿ ಹನ್ನೊಂದು ವರ್ಷವಾಯಿತು. ಆದರೂ ಇದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ನಿಮ್ಮ ಮೊಮ್ಮಗ, ನನ್ನ ಮಗ ಬಖೀತನ ಜೀಪು ಮೊನ್ನೆ ಮರಳಿನಲ್ಲಿ ಹೂತುಹೋಗಿ, ನೀರು ಮುಗಿದ ಮೇಲೆ ನಡೆದೇ ಹೊರಟಿದ್ದಾನೆ. ಇವತ್ತು ಎಣ್ಣೆ ಕಂಪನಿಯ ಹೆಲಿಕಾಪ್ಟರಿನವರು ಅವನ ಹೆಣ ತಂದರು. ನಮ್ಮ ಹಳೆಯ ಬಾವಿಯಿಂದ ಐವತ್ತು ಹೆಜ್ಜೆ ಆಚೆ ಬಿದ್ದಿದ್ದನಂತೆ. ಬಾವಿಯ ದಾರಿ ಹೇಳುವ ಗುರುತಿನ ಕಲ್ಲುಗಳ ಪಕ್ಕದಲ್ಲೇ ಹಾದುಹೋಗಿದ್ದಾನೆ, ಅವು ಏನೆಂದು ಗೊತ್ತಾಗಿಲ್ಲ.

ಆ ಕಂಪನಿಯವರಿಗೆ ಮೊದಲು ದಾರಿ ತೋರಿಸಿದವರು ನೀವೇ. "ಬಾರೋ, ನೀನೂ ಕಲ್ಲಿನ ಗುರುತು ಕಲಿತ್ಕೋ" ಎಂದು ನನ್ನನ್ನು ಕರೆದಿದ್ದಿರಿ. "ಮನೆಯೊಳಗೇ ನಲ್ಲಿ ಬಂದಿದೆ, ಇನ್ನು ಬಾವಿ ಯಾರಿಗಪ್ಪಾ ಬೇಕು?" ಎಂದು ನಕ್ಕಿದ್ದೆ.

ಅವನ ತಾಯಿ ಮಗನ ಒಡೆದ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಾ, "ಅಷ್ಟು ಹತ್ರ ಹೋಗಿಯೂ ಯಾಕೆ ನೀರು ಕುಡೀಲಿಲ್ಲ ಇವನು?" ಎಂದಳು.

"ಬಿಸಿಲಿಗೆ ಕಣ್ಣು ಮಂಜಾಗಿತ್ತೇನೋ" ಎಂದೆ, ಅಪ್ಪಾ. ಅವಳು ನಂಬಿದಳು.