ಕರಡಿಗಳ ಬಸಿರು

ರನ್‌ಕಾರ್ನ್, ಬ್ರಿಸ್ಬೇನ್
16 ಅಕ್ಟೋಬರ್ 2016

ಪ್ರೀತಿಯ ಗೌರಕ್ಕನಿಗೆ,

ನಮಸ್ಕಾರಗಳು. ಎರಡು ತಿಂಗಳಿಂದ ಸುದ್ದಿಯಿಲ್ಲವೆಂದು ಕೋಪಿಸಿಕೊಂಡಿರುತ್ತೀಯ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಕಾಗದ. ಮೊದಲು ಇದಕ್ಕೆ ಉತ್ತರ ಕೊಡು: ಜೂಂಡಲಪ್‌ನ ನಿನ್ನ ಮನೆಗೆ ಬಂದು ಇರಬಹುದೇ? ಒಬ್ಬಳೇ. ರಮಾಕಾಂತ್ ಜೊತೆ ಇನ್ನು ಒಂದೇ ಸೂರಿನಡಿ ಇರಲು ನನಗೆ ಮನಸ್ಸಿಲ್ಲ.

ನಮ್ಮ ಸಾಹೇಬರು ಕೆನಡಾದ ಕಾಡಿನಿಂದ ಹೋದ ತಿಂಗಳು ಬಂದರು. ಇಲ್ಲಿಯ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಸಂಬಳ, ಅಲ್ಲೆಲ್ಲೋ ಕಪ್ಪು ಕರಡಿಗಳ ಸಂಶೋಧನೆ. ಅಲ್ಲಿಯ ಬೇಸಿಗೆಯೆಲ್ಲ ಕರಡಿಯ ಹಿಕ್ಕೆ ಒಡೆದು, ಅದು ಯಾವ ಹಣ್ಣು ತಿಂದಿದೆ ಎಂದು ನೋಡಿದರಂತೆ. ನನ್ನ ಊಟದ ಬಗ್ಗೆ ಕೇಳಿದ್ದು ಒಂದೇ ಸಲ.

ನಿನ್ನೆ ಪಾರ್ಕಿನಲ್ಲಿ ಕನ್ನಡದವರ ಬಾರ್ಬೆಕ್ಯೂ. ಜೋಳ ಸುಡುತ್ತಲೇ ಇವರ ಕರಡಿ ಪ್ರವಚನ ಶುರುವಾಯಿತು. ಪಕ್ಕದ ಬೀದಿಯ ದೇವಕಿ ಆಂಟಿ, "ಚಳಿಗಾಲವೆಲ್ಲಾ ಮಲಗೇ ಇರುತ್ತಂತಲ್ಲಪ್ಪ, ಮರಿ ಹಾಕೋದ್ಯಾವಾಗ?" ಎಂದರು. ಸಾಹೇಬರು ಇಕ್ಕಳ ಕೆಳಗಿಟ್ಟರು.

"ಮಲಗಿದ್ದಾಗ್ಲೇ ಹಾಕುತ್ತೆ ಆಂಟಿ. ಬೇಸಿಗೇಲಿ ಜೊತೆಯಾದ್ರೂ ಭ್ರೂಣ ತಕ್ಷಣ ಗರ್ಭಕ್ಕೆ ಅಂಟಿಕೊಳ್ಳಲ್ಲ, ಚಳಿ ಹತ್ತಿರ ಬರೋವರೆಗೂ ತೇಲ್ತಿರುತ್ತೆ. ತಾಯಿ ಚೆನ್ನಾಗಿ ತಿಂದು ಕೊಬ್ಬಿದ್ರೆ ನಿಲ್ಲುತ್ತೆ. ಇಲ್ಲಾಂದ್ರೆ ಮೈಯೇ ಬಿಟ್ಬಿಡುತ್ತೆ. ಅಳು ಗಿಳು ಏನಿಲ್ಲ."

"ಗಂಡು ಕರಡಿ ಏನ್ ಮಾಡುತ್ತೆ?" ಎಂದು ಕೇಳಿದೆ.

"ಅದರ ಪಾಡಿಗೆ ಅದು ಹೋಗುತ್ತೆ. ಎಲ್ಲಾ ತಾಯೀದೇ ಕೆಲಸ." ಎಲ್ಲರೂ ನಕ್ಕರು. ಈ ಜಾಣತನಕ್ಕೆ ಕೆಲವರು ಚಪ್ಪಾಳೆ ಬೇರೆ ತಟ್ಟಿದರು.

ಕಾರಿನಲ್ಲಿ, "ಎಲ್ಲಾರೂ ಎಷ್ಟ್ ಚೆನ್ನಾಗಿ ಕೇಳಿದ್ರು, ಅಲ್ವಾ?" ಎಂದರು. ಕರಡಿಯ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಅದು ಯಾವ ಪೊದೆಯಲ್ಲಿದೆ ಎಂದು ಹೇಳುವ ಮನುಷ್ಯನಿಗೆ, ಪಕ್ಕದ ಸೀಟಿನಲ್ಲಿ ಅಳುತ್ತಿದ್ದವಳು ಕಾಣಲಿಲ್ಲ. ಇಂಥ ಓದಿಗೆ ನಾನು ಮೂರು ಕಾಸಿನ ಬೆಲೆಯನ್ನೂ ಕೊಡುವುದಿಲ್ಲ.

ಭಾವನಿಗೆ ನಮಸ್ಕಾರ. ವಿನಯನಿಗೆ ನನ್ನ ಆಶೀರ್ವಾದ. ದೊಡ್ಡವನಾಗಲಿ, ಆದರೆ ಇವರಷ್ಟು ದೊಡ್ಡವನಾಗುವುದು ಬೇಡ.

ನಿನ್ನ ತಂಗಿ,
ಸುಭದ್ರಾ

ಕವರ್ ಅಂಟಿಸುವ ಮುನ್ನ ಇದೊಂದು: ಇವರು ಜೂನ್‌ನಲ್ಲಿ ಕಾಡಿಗೆ ಹೊರಟಾಗ ನಾನು ಬಸುರಿ. ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಹಾಕಬಾರದೆಂದು ವಿನಯ ಹೊಟ್ಟೆಯಲ್ಲಿದ್ದಾಗ ನೀನು ಬಾಯಿ ಬಿಗಿಹಿಡಿದಿದ್ದೆಯಲ್ಲ, ನಾನೂ ಹಾಗೇ ಇದ್ದೆ. ತುಂಬಲಿಲ್ಲ, ಅಕ್ಕ. ಬಂದದ್ದನ್ನೇ ಹೇಳಿರದಿದ್ದಾಗ, ಹೋದದ್ದನ್ನು ಯಾರಿಗೆ ಹೇಳಲಿ? ನಿನ್ನೆ ಅಲ್ಲಿ ನಕ್ಕವರಲ್ಲಿ ವಿಷಯ ಗೊತ್ತಿದ್ದದ್ದು ಇವರೊಬ್ಬರಿಗೇ. ಆಸ್ಪತ್ರೆಯಿಂದಲೇ ಫೋನ್ ಮಾಡಿ ತಿಳಿಸಿದ್ದೆ. ಅದಕ್ಕೆ, "ನೀನು ಸರಿಯಾಗಿ ತಿಂತಿರ್ಲಿಲ್ವಾ?" ಎಂದು ಕೇಳಿದರು.