ಹದಿನಾರಕ್ಕೆ ಸೇರದ ದೂಮಪ್ಪ

ಕಡಲೇರಿದ ತೊಂಬತ್ತನೆಯ ವರ್ಷ, ಆಟಿ ಅಮಾವಾಸ್ಯೆ.
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಹನ್ನೊಂದನೆಯ ಇಸವಿ.

ಪ್ರಮೀಳಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ರತ್ನಾವತಿ ಮಾಡುವ ನಮಸ್ಕಾರಗಳು.

ಕಾಲ ದಾಟಿ ಈ ಓಲೆ ನಿಮ್ಮ ಕೈ ಸೇರುವಾಗ ನಿಮಗೆ ನಲವತ್ತು, ನನಗೆ ಅರವತ್ತು ದಾಟಿದೆ. ಆದರೂ ಹುಟ್ಟಿನಲ್ಲಿ ನೀವೇ ಹಿರಿಯರು, ಅಜ್ಜಿ ಎಂದರೆ ಮುನಿಯಬೇಡಿ. ನನ್ನ ಮಾತು ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಡುವಿನ ಕಾಲ ಎಷ್ಟೋ ಪದಗಳನ್ನು ತಿಂದು ಹಾಕಿದೆ, ಕೆಲವನ್ನು ಹೊಸದಾಗಿ ಹುಟ್ಟಿಸಿದೆ.

ನಿಮ್ಮ ಮಂಗಳೂರಿನ ಪೇಟೆಯ ಮೇಲೆ ಈಗ ದೋಣಿಗಳು ಓಡಾಡುತ್ತವೆ. ನಾವಿರುವುದು ಗುಡ್ಡದ ತಪ್ಪಲಿನಲ್ಲಿ. ಭತ್ತ ಬೆಳೆಯುವುದು ತಡೆಗದ್ದೆಗಳಲ್ಲಿ, ಎಂದರೆ ಉಪ್ಪುನೀರು ನುಗ್ಗದಂತೆ ಸುತ್ತ ಕಲ್ಲು ಕಟ್ಟಿದ ಗದ್ದೆಗಳಲ್ಲಿ. ಅನ್ನಕ್ಕೆ ಸ್ವಲ್ಪ ಉಪ್ಪಿನ ರುಚಿ ಇರುತ್ತದೆ, ನಮಗದು ರೂಢಿಯಾಗಿದೆ. ಆಕಾಶದಲ್ಲಿ ಹಕ್ಕಿ, ಬಾವಲಿ ಬಿಟ್ಟರೆ ಏನೂ ಹಾರುವುದಿಲ್ಲ. ಕೊನೆಯ ಯುದ್ಧ ಮುಗಿದ ಮೇಲೆ ದೇಶಗಳೆಲ್ಲ ಒಪ್ಪಿ ಹಾರುವ ಯಂತ್ರಗಳನ್ನು ಇಳಿಸಿ ಮುರಿದು ಹಾಕಿದವು. ಅದಕ್ಕೆ ಬಾನುಮೌನ ಎನ್ನುತ್ತೇವೆ. ವಿಮಾನವೆಂದರೇನೆಂದು ಮಕ್ಕಳಿಗೆ ಚಿತ್ರ ಬರೆದೇ ತೋರಿಸಬೇಕು.

ಆದರೂ ಪ್ರತಿ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಅಗೆಲಿನ ಎಡೆ ಬಡಿಸಿ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ, ನಮ್ಮ ಮಾಡಿನ ಮೇಲೆ ಒಂದು ಇಂಜಿನು ಮೊರೆಯುತ್ತದೆ. ಸುತ್ತು ಹಾಕುತ್ತದೆ, ತಗ್ಗುತ್ತದೆ, ಮನೆಯ ಗುರುತು ಸಿಗದ ನೆಂಟನ ಹಾಗೆ ತಿರುಗಿ ಹೋಗುತ್ತದೆ. ಇವತ್ತು ಮೊಮ್ಮಗಳು ಚಿತ್ರಾಕ್ಷಿ ನನ್ನ ಸೆರಗು ಹಿಡಿದು, “ಅಜ್ಜೀ, ಮೇಲೆ ಎಂತದೋ ಕೂಗ್ತಾ ಉಂಟು. ಅದ್ರಲ್ಲಿ ಒಬ್ಬ ಹಿಂದೆ ತಿರುಗಿ ಕೂತಿದ್ದಾನೆ” ಎಂದಳು. ಅವಳಿಗೆ ಆ ಕತೆಯನ್ನು ಯಾರೂ ಹೇಳಿರಲಿಲ್ಲ.

ಹಿಂದೆ ತಿರುಗಿ ಕೂತವನು ದೂಮಪ್ಪ, ನಿಮ್ಮ ಅಜ್ಜಿ ಸೇಸಮ್ಮನ ಅಣ್ಣ. ಜಪಾನಿನವರ ಮೇಲಿನ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ಕಡೆಗೆ ಮುಖ ಮಾಡಿ ಕೂತು ಬಂದೂಕು ಹಿಡಿದಿದ್ದ ಹುಡುಗ. ಬರ್ಮಾದ ಕಾಡಿನ ಮೇಲೆ ವೈರಿಗಳ ವಿಮಾನಗಳು ಮುತ್ತಿದವು. ಪೈಲಟ್ ಜಿಗಿದು ಬದುಕಿದ. ದೂಮಪ್ಪ ಕೊನೆಯವರೆಗೂ ಗುಂಡು ಹಾರಿಸುತ್ತಲೇ ಇದ್ದನಂತೆ. ಹೆಣ ಸಿಗಲಿಲ್ಲ. ಹೆಣ ನೋಡದೆ ಅವನ ತಾಯಿ ನಂಬಲೂ ಇಲ್ಲ.

ಸತ್ತವರನ್ನು ಹದಿನಾರಕ್ಕೆ, ಎಂದರೆ ಹಿರಿಯರ ಸಾಲಿಗೆ, ಸೇರಿಸುವ ನಮ್ಮ ಕ್ರಮ ನಿಮಗೆ ಗೊತ್ತೇ ಇದೆ. ಹೊಸಿಲಲ್ಲಿ ನಿಂತು ಹೆಸರು ಹಿಡಿದು ಕರೆದರೆ ಮಾತ್ರ ಅವರು ಬಂದು ಹಿರಿಯರ ಸಾಲಿನಲ್ಲಿ ಕೂರುವುದು. “ನನ್ನ ಮಗನನ್ನು ಸತ್ತವರೊಟ್ಟಿಗೆ ಕರೆದ್ರೆ ಜಾಗ್ರತೆ” ಎಂದು ಆ ತಾಯಿ ಎಲ್ಲರ ಬಾಯಿ ಮುಚ್ಚಿಸಿದರು. ಅವರು ಕಣ್ಣು ಮುಚ್ಚಿದ ಮೇಲೂ ಸೇಸಮ್ಮ ಆ ಮಾತು ಮೀರಲಿಲ್ಲ.

ಆಮೇಲಿನವರು ನಾವು ಕರೆದೆವು. ಎಡವಿದ್ದು ಅಲ್ಲೇ. ದೂಮಪ್ಪ ಎಂಬುದು ಶಾಲೆಗೂ ಸೈನ್ಯಕ್ಕೂ ಕೊಟ್ಟ ಹೆಸರು. ಮನೆಯಲ್ಲಿ ತಾಯಿ ಕರೆಯುತ್ತಿದ್ದದ್ದು ಬೇರೆ ಏನೋ ಮುದ್ದಿನ ಹೆಸರಂತೆ, ಅದು ಸೇಸಮ್ಮನ ಜೊತೆಗೇ ಹೋಯಿತು. ಸೈನ್ಯದ ಹೆಸರಿಗೆ ಅವನು ಸೈನಿಕನಾಗಿಯೇ ಬರುತ್ತಾನೆ, ವಿಮಾನದಲ್ಲಿ. ಇಳಿಯುವುದಿಲ್ಲ. ಸತ್ತವರಿಗೂ ಹಠ ಉಂಟು, ನಮ್ಮ ಮನೆಯವನಲ್ಲವೇ. ಆದರೆ ಆ ಸದ್ದು ದೂರ ಹೋಗುವಾಗ ನನಗೆ ಹೆದರಿಕೆಗಿಂತ ಹೆಚ್ಚು ಅಳು ಬರುತ್ತದೆ.

ನಿಮ್ಮ ಕಾಲದಲ್ಲಿ ಸೇಸಮ್ಮ ಇನ್ನೂ ಇದ್ದಾರೆ. ಈ ಹೊತ್ತು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿರಬಹುದು. ದಯವಿಟ್ಟು ನಾಳೆಗೆ ಬಿಡಬೇಡಿ, ಆ ವಯಸ್ಸಿನವರ ನಾಳೆಯನ್ನು ನಂಬುವ ಹಾಗಿಲ್ಲ. ಆ ಮುದ್ದಿನ ಹೆಸರನ್ನು ನಮಗೆ ಕಳಿಸಬೇಕಾಗಿಲ್ಲ. ಕೈಹಿಡಿದು ಎಬ್ಬಿಸಿ, ಅವರೇ ಹೊಸಿಲಲ್ಲಿ ನಿಂತು ಆ ಹೆಸರು ಹಿಡಿದು ಅಣ್ಣನನ್ನು ಕರೆಯಲಿ. ಅವರು ಹೆದರುತ್ತಾರೆ, ಅಮ್ಮನ ಮಾತು ಮೀರಲಾರೆ ಎನ್ನುತ್ತಾರೆ. ಆಗ ಇಷ್ಟು ಹೇಳಿ. ಅಮ್ಮ ಆ ಸಾಲಿಗೆ ಸೇರಿ ಎಷ್ಟೋ ಕಾಲವಾಯಿತು. ಮಗ ಮಾತ್ರ ಇನ್ನೂ ಅಲ್ಲಿಗೆ ಬಂದಿಲ್ಲ.