ನಾಲಾ ಸತ್ತಿತೆಂದು ಸಾರಿದ ಬೆಳಿಗ್ಗೆ

ಬಸವಕಲ್ಯಾಣ, ೧೯೭೪ರ ಬೇಸಿಗೆಯ ಕೊನೆ

ಅಪ್ಪಾ,

ನಿಮ್ಮ ಸಲಿಕೆಯ ಏಕೈಕ ವಾರಸುದಾರನಾದ ದಿಗಂಬರನು ಭಯಭಕ್ತಿಯಿಂದ ಅರಿಕೆ ಮಾಡುವುದೇನೆಂದರೆ, ಇಂದು ನಮ್ಮ ಗಲ್ಲಿಯ ನಾಲಾ ಸ್ವಚ್ಛವಾಯಿತು.

ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ನೀವೊಬ್ಬರೇ ಅದರ ಹೂಳು ತೆಗೆಯುತ್ತಿದ್ದಿರಿ. ನೀವಿಲ್ಲದ ಈ ವರ್ಷ ಅದು ಕಸದಿಂದ ಕಟ್ಟಿಕೊಂಡಿತ್ತು. ಹಾಗೇ ಬಿಟ್ಟರೆ ಗುಡ್ಡದ ನೀರು ಕೆರೆ ಸೇರುವುದಿಲ್ಲ, ಗಲ್ಲಿಯ ಬಾವಿಗಳು ಬತ್ತುತ್ತವೆ. ಮನೆಮನೆಗೆ ಹೋಗಿ ಕರೆದೆ, ಒಬ್ಬರೂ ಬರಲಿಲ್ಲ. ಅದಕ್ಕೇ ಇಂದು ಬೆಳಿಗ್ಗೆ ಮೋರೆ ಸಪ್ಪಗೆ ಮಾಡಿಕೊಂಡು, "ನಮ್ಮ ಗಲ್ಲ್ಯಾಗ ಸಾವಾಗೇದ್ರಿ, ಎಲ್ಲಾರೂ ಮಣ್ಣಿಗಿ ಬರ್ರಿ!" ಎಂದು ಸಾರಿದೆ.

ಎಲ್ಲರೂ ಓಡಿ ಬಂದರು. ಸತ್ತದ್ದು ನಾಲಾ ಎಂದು ತೋರಿಸಿದಾಗ ಮಾಣಿಕಮ್ಮತ್ತೆ, "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎಂದು ಬೈದು, ಬೈಯುತ್ತಲೇ ಮೊದಲ ಬುಟ್ಟಿ ಹೂಳು ಎತ್ತಿದಳು. ಬಂದವರು ಹಾಗೇ ಮರಳಲು ನಾಚಿ ಕೈಹಚ್ಚಿದರು.

ಕೆಲಸ ಮುಗಿದ ಮೇಲೆ ಗೆಳೆಯ ದೇವಿದಾಸನನ್ನು ಕೇಳಿದೆ: "ನಾ ಸುಳ್ಳ ಹೇಳಾಕತ್ತೇನಂತ ನಿನಗ ಗೊತ್ತಾಗಲಿಲ್ಲೇನೋ?"

"ಗೊತ್ತಾತಲೇ. ಆದ್ರ ಸಾವಂದ್ರ ಮೊದ್ಲ ಹೋಗಬೇಕು. ಖರೇನೋ ಸುಳ್ಳೋ ಆಮ್ಯಾಲ ನೋಡ್ಬೇಕು."

ಅಂದು ನಿಮ್ಮ ಸಾವಿನ ಸುದ್ದಿ ಹೊತ್ತು ನಾನಿದ್ದ ಹುಮನಾಬಾದಿಗೆ ಬಂದವನೂ ಅವನೇ. ನನ್ನ ಕುಚೇಷ್ಟೆಗಳಿಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆಂದು ನಾನು ನಕ್ಕೆ. ಅವನಿಗೆ ಚಹಾ ಕುಡಿಸಿ ಕಳಿಸಿ, ನಿಧಾನವಾಗಿ ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಅಷ್ಟರಲ್ಲಿ ಎಲ್ಲರೂ ನಿಮಗೆ ಮಣ್ಣು ಕೊಟ್ಟು ಮನೆಗೆ ಮರಳಿದ್ದರು.

ಸಲಿಕೆಯನ್ನು ತೊಳೆದು ಅದರ ಜಾಗದಲ್ಲೇ ಇಟ್ಟಿದ್ದೇನೆ. ಒಂದು ಹಿಡಿ ಹೂಳನ್ನು ಮಾತ್ರ ಬುಟ್ಟಿಗೆ ಹಾಕದೆ ವಸ್ತ್ರದಲ್ಲಿ ಕಟ್ಟಿಕೊಂಡಿದ್ದೇನೆ. ನಾಳೆ ಹೊಲಕ್ಕೆ, ನೀವಿರುವಲ್ಲಿಗೆ, ತರುತ್ತೇನೆ.